ಲಕಾನಿಕ್ ಎಂದು ಬರೆದರು

ಅಪ್ರೈಸಲ್ ಫಾರಂನಲ್ಲಿ ಸ್ಫೂರ್ತಿ ಎಂಬ ನನ್ನ ಹೆಸರಿನ ಮುಂದೆ ಮ್ಯಾನೇಜರ್ ಒಂದೇ ಪದ ಬರೆದಿದ್ದರು: ಲಕಾನಿಕ್. ಅಂದರೆ ಮಿತಭಾಷಿ. ಹಾಗಾಗಿ ಈ ವರ್ಷವೂ ಟೀಮ್ ಲೀಡ್ ಹುದ್ದೆ ಇಲ್ಲ. ಒಪ್ಪಿದರೆ 'ಓಕೆ' ಒತ್ತಬೇಕು, ಇಲ್ಲವಾದರೆ ಸೋಮವಾರದೊಳಗೆ ಕಾರಣ ಬರೆಯಬೇಕು. ಕಾರಣ ಬರೆದವರನ್ನು ನಾನಂತೂ ಕಂಡಿಲ್ಲ. ಎಲ್ಲರೂ ಓಕೆ ಒತ್ತಿ, ಆಮೇಲೆ ಕ್ಯಾಂಟೀನಿನಲ್ಲಿ ಕೂತು ಮನಸಾರೆ ಬೈಯುತ್ತಾರೆ. ನನಗೆ ಬೈಯುವುದಕ್ಕೂ ಜೊತೆಯಿಲ್ಲ.

ಹಾವೇರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಬಂದು ಎರಡು ವರ್ಷವಾಯಿತು. ಜಿಗಣಿಯಲ್ಲಿ ಪಿಳ್ಳಮ್ಮಜ್ಜಿಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಭಾನುವಾರ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಆ ಪದದ ಕಥೆ ಹೇಳಿದೆ. ಹೇಳಲು ಬೇರೆ ಯಾರಿದ್ದರು?

"ಗ್ರೀಸ್ ದೇಶದಾಗ ಲಕೋನಿಯಾ ಅಂತ ಒಂದು ಸೀಮಿ ಇತ್ತರೀ ಅಜ್ಜಿ. ಅಲ್ಲಿ ಮಂದಿ ಭಾಳ ಕಡಿಮಿ ಮಾತಾಡ್ತಿದ್ರಂತ. ಒಬ್ಬ ರಾಜ, 'ನಾ ನಿಮ್ಮ ಸೀಮಿಗೆ ಬಂದ್ರ ಎಲ್ಲಾ ನೆಲಸಮ ಮಾಡ್ತೀನಿ' ಅಂತ ಹೇಳಿ ಕಳಿಸಿದ. ಇವರು ತಿರುಗಿ ಹೇಳಿದ್ದು ಒಂದ ಮಾತು: 'ಬಂದ್ರ.' ಅದಕ್ಕ ಅಂಥಾ ಮಾತಿಗೆ ಆ ಸೀಮಿ ಹೆಸರು ಬಂತು."

ಹೇಳುತ್ತಾ ಹೇಳುತ್ತಾ ನನಗೇ ಹೆಮ್ಮೆಯಾಯಿತು. ಓಕೆ ಒತ್ತಿಬಿಡೋಣ ಅನ್ನಿಸಿತು.

ಅಜ್ಜಿಯ ಕೈ ನಿಲ್ಲಲಿಲ್ಲ. "ಆಮ್ಯಾಕೆ? ಬಂದ್ನಾ?"

ಅಷ್ಟು ದೂರ ನಾನು ಓದಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. "ಬಂದ್ನಂತರೀ. ಊರು ಮುಟ್ಟಲಿಲ್ಲ. ಸುತ್ತಲಿನ ಹೊಲ ಹಾಳು ಮಾಡಿ, ಗಡಿ ಭೂಮಿ ಪಕ್ಕದವರಿಗೆ ಕೊಟ್ಟ."

"ಬರ್ದೇ ಇರ್ತಾರಾ ಕಣವ್ವ. ಇಂಡಸ್ಟ್ರಿಗೆ ಅಂತ ನಮ್ಮೊಲಕ್ಕೂ ಬಂದ್ರು. ನಮ್ಮನೆಯೋರು ಮೀಸೆ ತಿರುವ್ಕೊಂಡು ಸುಮ್ಕೆ ಕುಂತಿದ್ರು. ಏನ್ ಗತ್ತು ಅಂತ ಊರೋರೆಲ್ಲ ಒಗಳಿದ್ರು. ಬಾಯ್ಬಿಟ್ಟು ಕೇಳಿದ್ರೂ ಒಲ ಓಗ್ತಿತ್ತೇನೋ. ಕೇಳಿದ್ವಿ ಅನ್ನಾದಾದ್ರೂ ಉಳೀತಿತ್ತು."

ಮಹಡಿಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ. ಸಿಟ್ಟಿನಲ್ಲಿ ಬರೆಯಲು ಕೂತವಳಿಗೆ ಅಳು ಬಂತು. ಕೊನೆಗೆ ಬರೆದು ಕಳಿಸಿದ್ದು ಇಷ್ಟು:

'ನಾನು ಮಿತಭಾಷಿಯಲ್ಲ. ಊಟಕ್ಕೆ ಟೀಮಿನ ನೀವು ಎಂಟು ಜನ ಒಟ್ಟಿಗೆ ಕೂರುತ್ತೀರಿ, ಒಂಬತ್ತನೆಯ ಕುರ್ಚಿಯ ಮೇಲೆ ಬ್ಯಾಗು ಇಡುತ್ತೀರಿ. ಎರಡು ವರ್ಷದಲ್ಲಿ ಒಬ್ಬರಾದರೂ ಅದನ್ನು ಎತ್ತಿದ್ದರೆ, ನಾನು ಎಷ್ಟು ಮಾತಾಡುತ್ತೇನೆಂದು ನಿಮಗೆ ಗೊತ್ತಾಗುತ್ತಿತ್ತು.'