ಮನೆಗೊಯ್ದ ಎರವಲು ಪ್ರಬಂಧ

ಸೋಮವಾರ ಬೆಳಿಗ್ಗೆ ಚೀಲಕ್ಕೆ ಕೈಹಾಕಿದರೆ ಮಲ್ಲೇಶ್ವರಿಗೆ ಪ್ರಬಂಧ ಸಿಗಲಿಲ್ಲ. ಊಟದ ಡಬ್ಬಿ ಇತ್ತು, ಛತ್ರಿ ಇತ್ತು, ತಿದ್ದಿದ ಉತ್ತರಪತ್ರಿಕೆಗಳ ಕಟ್ಟು ಇತ್ತು. ಕೆಂಪು ರಟ್ಟಿನ ಆ ದಪ್ಪ ಪ್ರಬಂಧವೊಂದೇ ಇರಲಿಲ್ಲ. ಅಲಮಾರಿ ಜಾಲಾಡಿದಳು, ಹಾಸಿಗೆ ಕೊಡವಿದಳು, ಜೋಳದ ಚೀಲಗಳ ಹಿಂದೆ ಇಣುಕಿದಳು. ಅಷ್ಟರಲ್ಲಿ ಸುರಪುರದ ಬಸ್ಸು ಹಾರ್ನ್ ಹೊಡೆಯುತ್ತ ಅವರ ಊರು ಕಕ್ಕೇರಾ ದಾಟಿ ಹೋಯಿತು.

ಸುರಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ಅವಳು ಕನ್ನಡದ ಅತಿಥಿ ಉಪನ್ಯಾಸಕಿ. ಕೃಷ್ಣೆಯ ದಂಡೆಯ ಅಂಬಿಗರ ಮಾತಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು, ಅವಳಪ್ಪನೂ ಹರಿಗೋಲು ನಡೆಸಿದವನೇ. ಅದೇ ವಿಷಯದ ಮೇಲೆ ಹಿಂದೆಂದೋ ಯಾರೋ ಟೈಪು ಮಾಡಿಸಿ ಒಪ್ಪಿಸಿದ್ದ, ಅಚ್ಚಾಗದ ಪ್ರಬಂಧವೊಂದು ಮೈಸೂರು ಕಡೆಯ ವಿಶ್ವವಿದ್ಯಾಲಯವೊಂದರಲ್ಲಿತ್ತು. ಒಂದು ಗ್ರಂಥಾಲಯ ಇನ್ನೊಂದಕ್ಕೆ ಪುಸ್ತಕ ಕಳಿಸುವ ಎರವಲು ಸೇವೆಯಲ್ಲಿ ಅದನ್ನು ತರಿಸಲು ಕಾಲೇಜಿನ ಲೈಬ್ರರಿಯನ್ ಮರಿಲಿಂಗಪ್ಪ ಎಷ್ಟೋ ಸಲ ಮೇಲ್ ಬರೆದಿದ್ದರು, ಫೋನ್ ಹಚ್ಚಿದ್ದರು. ಕಡೆಗೆ ಅಲ್ಲಿಯವರು ಕಳಿಸಿದರು, ಒಂದು ಷರತ್ತಿನ ಮೇಲೆ: ಲೈಬ್ರರಿಯಲ್ಲೇ ಕೂತು ಓದಬೇಕು, ಹೊರಗೆ ಒಯ್ಯುವಂತಿಲ್ಲ.

ಶನಿವಾರ ಸಂಜೆ ಕೊನೆಯ ಅಧ್ಯಾಯ ಉಳಿದೇ ಇತ್ತು. ಮರಿಲಿಂಗಪ್ಪ ಸುತ್ತ ನೋಡಿ ದನಿ ತಗ್ಗಿಸಿ ಹೇಳಿದ್ದರು: "ಐತವಾರ ಒಂದಿನ ಮನಿಗೆ ಒಯ್ರಿ ತಂಗಿ. ಸೋಮವಾರ ವಾಪಸ್ ಪಾರ್ಸಲ್ ಮಾಡಬೇಕು. ನನ್ನ ಸಹಿ ಮ್ಯಾಲೆ ಬಂದದ ಅದು. ಜ್ವಾಕಿ."

ಈಗ ಹೊರಗೆ ಬಂದು ನೋಡಿದರೆ ಗಂಡ ಭೀಮೇಶ ಅಂಗಳದಲ್ಲಿ ಬೈಕು ಒರೆಸುತ್ತಿದ್ದ.

"ರೀ, ಕೆಂಪು ರಟ್ಟಿನ ಪ್ರಬಂಧ ನೋಡೀರೇನು?"

"ನಿನ್ನ ಪುಸ್ತಕ ಕಾಯಾಕ ಕುಂತೀನೇನು ನಾ?" ಅವನು ತಲೆ ಎತ್ತಲಿಲ್ಲ. ಚಕ್ರದ ಒಂದೇ ಕಡೆ ಒರೆಸುತ್ತಲೇ ಇದ್ದ.

ತೆಗೆದಿಟ್ಟವನು ಇವನೇ ಎಂದು ಅವಳಿಗೆ ಆಗಲೇ ತಿಳಿಯಿತು. ಅವಳು ತನ್ನ ಪ್ರಬಂಧ ಒಪ್ಪಿಸುವ ಮುಂಚೆ ಒಂದು ತಿಂಗಳು ಕಲಬುರಗಿಯಲ್ಲಿದ್ದು ಕೆಲಸ ಮುಗಿಸಬೇಕೆಂದು ಮಾರ್ಗದರ್ಶಕರು ಹೇಳಿದಾಗಿನಿಂದ ಮನೆಯಲ್ಲಿ ಮಾತುಕತೆ ಕೆಟ್ಟು ಹೋಗಿತ್ತು. "ನೀ ಡಾಕ್ಟರ್ ಆಗಾಕಿ, ನಾ ಗೊಬ್ಬರ ಮಾರಾವ. ಅಂಗಡಿಗೆ ಬಂದೋರೆಲ್ಲ ನನ್ನ ನೋಡಿ ನಗಾಕತ್ತಾರ" ಎಂದು ಹೋದ ವಾರವಷ್ಟೇ ಊಟದ ತಾಟು ದೂಡಿ ಎದ್ದಿದ್ದ. ಕೆಟ್ಟವನೇನಲ್ಲ. ಬಿ.ಎಡ್. ಓದುವಾಗ ತಾನೇ ಬೈಕಿನ ಮೇಲೆ ಕರೆದೊಯ್ದು ಬಿಡುತ್ತಿದ್ದವನು. ಅದಕ್ಕೇ ಅವಳಿಗೆ ಹೆಚ್ಚು ಅಂಜಿಕೆಯಾಯಿತು. ಈ ಭೀಮೇಶ ಏನು ಮಾಡಿಯಾನು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಫೋನು ಬಡಕೊಂಡಿತು. ಮರಿಲಿಂಗಪ್ಪ.

"ಬಸ್ ಹತ್ತೀರೇನ್ ತಂಗಿ?"

"ಮೈಯಾಗ ಆರಾಮಿಲ್ರಿ ಸರ್. ನಾಳೆ ಬರ್ತೀನಿ."

"ಪ್ರಬಂಧ ಅದ ಹೌದಲ್ಲ?"

"ಅದರಿ" ಎಂದಳು.

ಅಂಗಡಿಗೆ ಹೋಗಿ ಕೇಳಿದಳು; ಗಿರಾಕಿಗಳ ಮುಂದೆ ಅವನು ತಕ್ಕಡಿಯಿಂದ ಕಣ್ಣು ಕೀಳಲಿಲ್ಲ. ಮನೆಗೆ ಬಂದು ಮತ್ತೆ ಹುಡುಕಿದಳು. ಅತ್ತೆ ಸುಗಲಮ್ಮ ರೊಟ್ಟಿ ಬಡಿಯುತ್ತ, "ಒಂದು ಪುಸ್ತಕಕ್ಕ ಇಷ್ಟ್ಯಾಕ ಒದ್ದಾಡ್ತೀಯವ್ವ, ಬ್ಯಾರೆದು ತಂದ್ರಾತು" ಎಂದಳು. ಬೇರೆಯದು ಎಲ್ಲೂ ಇಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ಮಧ್ಯಾಹ್ನ ಭೀಮೇಶ ಉಣ್ಣಲು ಕೂತಿದ್ದಾಗ ಬಾಗಿಲಲ್ಲಿ ಮರಿಲಿಂಗಪ್ಪ ನಿಂತಿದ್ದರು. ಬಸ್ಸಿನ ಧೂಳು ಬಿಳಿ ಅಂಗಿಯ ಮೇಲೆ ಹಾಗೇ ಇತ್ತು.

"ತಪ್ಪ ತಿಳಿಬ್ಯಾಡ್ರಿ," ಎಂದು ಕುರ್ಚಿಯ ಅಂಚಿಗೆ ಕೂತರು. "ಮೈಸೂರಿಂದ ಫೋನ್ ಬಂದಿತ್ತು. ಪಾರ್ಸಲ್ ಹಾಕೀರೇನು ಅಂತ ಕೇಳಾಕತ್ತಾರ. ಇನ್ನೊಬ್ರು ಅದಕ್ಕ ಕಾಯಾಕತ್ತಾರಂತ. ಆರಾಮಿಲ್ಲ ಅಂದ್ರಿ, ನಾನ ಒಯ್ದರಾತು ಅಂತ ಬಂದೆ."

ಸುಗಲಮ್ಮ ಚಹಾ ತಂದಿಟ್ಟಳು. ಭೀಮೇಶ ರೊಟ್ಟಿ ಮುರಿಯುತ್ತಲೇ ಇದ್ದ. ಪ್ರಬಂಧ ಕಳೆದುಹೋಯಿತು ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು, ಮನೆಯ ಮಾನ ಮನೆಯಲ್ಲೇ ಉಳಿಯುತ್ತಿತ್ತು. ಮಲ್ಲೇಶ್ವರಿ ಗೋಡೆಗೆ ಆತು ನಿಂತು ಅದನ್ನೇ ಹೇಳಲು ಬಾಯಿ ತೆರೆದಳು. ಮರಿಲಿಂಗಪ್ಪ ಚಹಾ ಮುಟ್ಟದೆ ಗೂಟದಲ್ಲಿದ್ದ ಅವಳ ಚೀಲವನ್ನೇ ನೋಡುತ್ತಿರುವುದು ಕಂಡಿತು.

"ಪ್ರಬಂಧ ಕಳೆದಿಲ್ರಿ ಸರ್. ನಾ ಮುಂಜಾನಿ ಸುಳ್ಳು ಹೇಳಿದೆ. ಇವರು ತಗೊಂಡು ಎಲ್ಲೋ ಇಟ್ಟಾರ."

ಭೀಮೇಶ ತಾಟು ಬಿಟ್ಟು ಎದ್ದ. ಹೊರಗಿನವರ ಮುಂದೆ ಅವಳು ಹೀಗೆ ಎಂದೂ ಮಾತಾಡಿದವಳಲ್ಲ.

"ಹೌದು, ನಾನ ತಗೊಂಡೀನಿ. ಕಾಲುವಿಗೆ ಒಗದೀನಿ. ಹೋಗಿ ಹುಡುಕ್ರಿ!"

ಮರಿಲಿಂಗಪ್ಪ ಕುರ್ಚಿಯಿಂದ ಎದ್ದರು. "ಅದು ಈಕಿದಲ್ರಿ, ನಂದೂ ಅಲ್ಲ," ಎಂದರು ಮೆಲ್ಲಗೆ. "ನಂಬಿ ಕಳಿಸ್ಯಾರ. ಇನ್ನ ನಮ್ಮ ಕಾಲೇಜಿಗೆ ಯಾರು ಕಳಿಸ್ತಾರ?"

ಮಲ್ಲೇಶ್ವರಿ ಗೂಟಕ್ಕೆ ಹಾಕಿದ್ದ ಚೀಲ ತೆಗೆದು ಹೆಗಲಿಗೇರಿಸಿದಳು.

"ನಡ್ರಿ ಸರ್. ಆದದ್ದು ಆದಂಗ ಬರೆದು ಕೊಡ್ತೀನಿ. ಮನಿಗೆ ತಂದಾಕಿ ನಾನು. ಜವಾಬ್ದಾರಿ ನಂದು."

"ಎಲ್ಲಿ ಹೊಂಟಿ?" ಭೀಮೇಶ ಅಡ್ಡ ಬಂದ. "ಆದಂಗ ಅಂದ್ರ? ನನ್ನ ಹೆಸರೂ ಬರೀತಿ?"

"ಬರೀತೀನ್ರಿ."

ಅವನು ಕೈ ಎತ್ತಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಆಗ ಸುಗಲಮ್ಮ ಹಿಟ್ಟಿನ ಕೈಯಲ್ಲೇ ಬಂದು ಮಗನ ತೋಳು ಹಿಡಿದು ಜಗ್ಗಿದಳು. "ಸರಿಯೋ ಭೀಮ್ಯಾ. ಹೋಗ್ಲಿ ಬಿಡು ಆಕಿ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಸುರಪುರದ ಬಸ್ಸಿಗೆ ಕಾಯುತ್ತ ಕೂತರು. ಅವಳಿಗೆ ಕಾಲುವೆಯ ನೀರೇ ಕಣ್ಣಮುಂದೆ: ಟೈಪಿನ ಅಕ್ಷರಗಳು ಕರಗಿ, ಹಾಳೆಗಳು ಬಿಚ್ಚಿಕೊಂಡು ಭತ್ತದ ಗದ್ದೆಗಳ ಕಡೆ ತೇಲುತ್ತ. ಬಸ್ಸು ಬಂತು. ಮರಿಲಿಂಗಪ್ಪ ಹತ್ತಿದರು. ಅವಳು ಮೆಟ್ಟಿಲ ಮೇಲೆ ಕಾಲಿಡುವಾಗ ಭೀಮೇಶನ ಬೈಕು ಬಸ್ಸಿಗೆ ಅಡ್ಡ ಬಂದು ನಿಂತಿತು. ಡ್ರೈವರ್ ಬೈದ. ಭೀಮೇಶ ಅವನ ಕಡೆ ನೋಡದೆ, ಮಡಿಚಿದ ಯೂರಿಯಾ ಚೀಲವೊಂದನ್ನು ಅವಳ ಕೈಗೆ ತುರುಕಿದ.

"ಗೋದಾಮಿನಾಗ ಇಟ್ಟಿದ್ದೆ," ಎಂದ. "ಒಗದಿಲ್ಲ." ಅಷ್ಟೇ ಹೇಳಿ ಬೈಕು ಹಿಂದಕ್ಕೆ ಸರಿಸಿದ.

ಬಸ್ಸು ಹೊರಟ ಮೇಲೆ ಚೀಲ ಬಿಚ್ಚಿದಳು. ಕೆಂಪು ರಟ್ಟಿಗೆ ಗೊಬ್ಬರದ ಘಾಟು ಹತ್ತಿತ್ತು. ಹಾಳೆಗಳಿಗೆ ಏನೂ ಆಗಿರಲಿಲ್ಲ. ಮರಿಲಿಂಗಪ್ಪ ಒಂದೊಂದೇ ಪುಟ ತಿರುವಿ ನೋಡಿದರು. ಮುಗಿದ ಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಇನ್ನೊಮ್ಮಿ ನಾ ಕೊಡಂಗಿಲ್ಲ ತಂಗಿ, ನೀವು ಕೇಳಂಗಿಲ್ಲ" ಎಂದರು. ಅವಳು ತಲೆಯಾಡಿಸಿದಳು.

ಸುರಪುರದಲ್ಲಿ ಅವರು ಪಾರ್ಸಲ್ಲಿನ ಹೊದಿಕೆ ಸಿದ್ಧಮಾಡುವವರೆಗೆ ಅವಳು ಲೈಬ್ರರಿಯ ಮೇಜಿನಲ್ಲಿ ಕೂತು ಭಾನುವಾರ ಅರ್ಧಕ್ಕೇ ನಿಂತಿದ್ದ ಕೊನೆಯ ಅಧ್ಯಾಯ ಓದಿ ಮುಗಿಸಿದಳು. ಹರಿಗೋಲು ಸುಳಿಗೆ ಸಿಕ್ಕಾಗ ಅಂಬಿಗರು ಕೂಗುವ ಮಾತುಗಳು ಅದರಲ್ಲಿದ್ದವು. ಅವನ್ನೆಲ್ಲ ಬರೆದುಕೊಂಡಳು.

ಹೊರಗೆ ಬಂದಾಗ ಭೀಮೇಶನ ಫೋನು.

"ಮುಟ್ಟಿಸಿದೇನು?"

"ಮುಟ್ಟಿಸೀನ್ರಿ."

"ಮನಿಗೆ ಯಾವಾಗ ಬರ್ತಿ?"

"ಶಹಾಪುರಕ್ಕ ಹೊಂಟೀನಿ, ನಮ್ಮಕ್ಕ ದೇವಕಮ್ಮನ ಮನಿಗೆ. ಅಲ್ಲಿಂದ ಕಲಬುರಗಿಗೆ ಹೋಗ್ತೀನಿ. ಬರೆದು ಮುಗಿಯೋತನಕ ಬರಂಗಿಲ್ರಿ. ನಿಮಗ ಮಾತಾಡೂದಿದ್ರ ಅಕ್ಕನ ಮನಿಗೆ ಬರ್ರಿ."

ಆ ಕಡೆ ಫೋನು ಕೈ ಬದಲಾಯಿಸಿದ ಸದ್ದು.

"ಮಲ್ಲವ್ವ," ಸುಗಲಮ್ಮನ ದನಿ. "ಅರಬಿ ಏನೇನು ಕಳಿಸಲಿ, ಹೇಳು."

ಶಹಾಪುರದ ಬಸ್ಸು ತಿರುವಿನಲ್ಲಿ ಕಾಣಿಸಿತು. ಮಲ್ಲೇಶ್ವರಿ ರಸ್ತೆಯ ಬದಿಗೆ ನಿಂತು, ತನಗೆ ಬೇಕಾದ ಬಟ್ಟೆಗಳನ್ನು ಅತ್ತೆಗೆ ಒಂದೊಂದಾಗಿ ಹೇಳತೊಡಗಿದಳು.