ಮೂರು ಮನೆಯ ಕೆಂಪು

ಕೋದಂಡರಾಮಯ್ಯನವರಿಗೆ ದೊಡ್ಡಬಳ್ಳಾಪುರದಲ್ಲಿ ಎಂಟು ಪವರ್‌ಲೂಮ್, ತಲೆಯಲ್ಲಿ ಎಂಟಕ್ಕೂ ಆಗಿ ಮಿಗುವಷ್ಟು ಬುದ್ಧಿ. ಕೊರೊನಾದಲ್ಲಿ ಎರಡು ತಿಂಗಳು ಮಗ್ಗ ನಿಂತಿದ್ದವು. ಹೋದ ವರ್ಷ ನೂಲಿಗೆ ಬಣ್ಣ ಹಾಕುವ ಚಿನ್ನಸ್ವಾಮಿಯ ಬಾಯ್ಲರ್ ಕೆಟ್ಟು ಮತ್ತೆ ಮೂರು ವಾರ ನಿಂತವು. ಆಗಲೇ ಬಾಶೆಟ್ಟಿಹಳ್ಳಿಯಲ್ಲಿ ಸಣ್ಣ ಕೈಗಾರಿಕೆಯವರ ಸಭೆ ನಡೆಯಿತು. ಟೈ ಕಟ್ಟಿದವರೊಬ್ಬರು ಪರದೆಯ ಮೇಲೆ ಬಾಣದ ಗುರುತು ತೋರಿಸಿ, ‘ಒಬ್ಬನೇ ಸರಬರಾಜುದಾರನನ್ನು ನಂಬಿದವನು ಕೆಟ್ಟ’ ಎಂದರು. ಊಟಕ್ಕೆ ಹೋಳಿಗೆ ಇತ್ತು. ಕೋದಂಡರಾಮಯ್ಯನವರಿಗೆ ಎರಡೂ ಹಿಡಿಸಿದವು.

ಅಷ್ಟರಲ್ಲಿ ಆವತಿಯ ಅಪ್ಪಯ್ಯಣ್ಣ ಮಗಳ ಮದುವೆಗೆ ನಲವತ್ತು ಸೀರೆ ಹೇಳಿದರು. ಮನೆಯ ಹೆಂಗಸರೆಲ್ಲ ಒಂದೇ ಕುಂಕುಮ ಬಣ್ಣದಲ್ಲಿ ಫೋಟೋಕ್ಕೆ ನಿಲ್ಲಬೇಕಂತೆ. ಇದೊಂದು ಗೆದ್ದರೆ ಆ ಕಡೆಯ ಮದುವೆಗಳೆಲ್ಲ ತಮ್ಮವೇ ಎಂದು ಕೋದಂಡರಾಮಯ್ಯ ಹಿಗ್ಗಿದರು. ಇಪ್ಪತ್ತು ವರ್ಷ ಬಣ್ಣ ಹಾಕಿಕೊಟ್ಟ ಚಿನ್ನಸ್ವಾಮಿಯನ್ನು ಬಿಟ್ಟು, ನೂಲನ್ನು ಮೂರು ಬಣ್ಣದ ಮನೆಗಳಿಗೆ ಹಂಚಿದರು.

“ಒಂದು ಬಣ್ಣಕ್ಕೆ ಮೂರು ಮನೆ ಯಾಕ್ರೀ? ಒಬ್ರ ಕೈಯ ಕೆಂಪು ಇನ್ನೊಬ್ರಿಗೆ ಬರಲ್ಲ” ಎಂದರು, ನೂಲು ಸುತ್ತುವ ಹೆಂಡತಿ ರುಕ್ಮಿಣಮ್ಮ.

“ಇದು ಸ್ಟ್ರಾಟಜಿ ಕಣೇ. ನಿಂಗೆ ಗೊತ್ತಾಗಲ್ಲ.”

ಮೂವರೂ ಹೇಳಿದ ದಿನಕ್ಕೆ ನೂಲು ಕೊಟ್ಟರು. ಒಂದು ಮಗ್ಗವೂ ನಿಲ್ಲಲಿಲ್ಲ. ಕೋದಂಡರಾಮಯ್ಯ ಬೀದಿಯವರಿಗೆಲ್ಲ ಪಾಠ ಹೇಳಿದ್ದೇ ಹೇಳಿದ್ದು. ಆಮೇಲೆ ನಲವತ್ತು ಸೀರೆಗಳನ್ನು ಬಿಸಿಲಿಗೆ ಹರಡಿದರು. ಕೆಲವು ಕುಂಕುಮ, ಕೆಲವು ಇಟ್ಟಿಗೆ, ಉಳಿದವು ಬೀಟ್‌ರೂಟ್ ಪಲ್ಯ.

ನೋಡಲು ಬಂದ ಅಪ್ಪಯ್ಯಣ್ಣ ಸೊಂಟಕ್ಕೆ ಕೈಯಿಟ್ಟರು. “ಏನ್ ಸ್ವಾಮಿ ಇದು, ಒಂದೇ ಮದ್ವೆಗೆ ಮೂರು ಪಕ್ಷದೋರು ಬಂದಂಗೈತೆ!”

“ಹದಿನೈದು ದಿನ ಕೊಡಿ, ಬೇರೆ ನೇಯ್ದು ಕೊಡ್ತೀನಿ.”

“ನೋಡಾಣ” ಎಂದು ಅಪ್ಪಯ್ಯಣ್ಣ ಬೈಕ್ ಹತ್ತಿದರು.

ಕೊನೆಗೂ ಹಳೇ ಗಂಡನ ಪಾದವೇ ಗತಿ. ಮರುದಿನ ಬೆಳಿಗ್ಗೆ ಕೋದಂಡರಾಮಯ್ಯ ನಾಚಿಕೆ ನುಂಗಿಕೊಂಡು ಚಿನ್ನಸ್ವಾಮಿಯ ಬಾಗಿಲಿಗೆ ಹೋದರು. ಅವನು ಮೊದಲಿನಂತೆಯೇ ಕುರ್ಚಿ ಹಾಕಿ ಕಾಫಿ ಕೊಟ್ಟ. ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

“ಈ ವಾರ ಆಗಲ್ಲ ಅಣ್ಣಾ. ನೀವು ಬಿಟ್ಮೇಲೆ ನಂಗೂ ಬುದ್ಧಿ ಬಂತು, ಒಬ್ರನ್ನೇ ನಂಬ್ಕೊಂಡು ಕೂರಬಾರ್ದು ಅಂತ. ಈಗ ಏಳು ಜನ ಗಿರಾಕಿಗಳವ್ರೆ.”

ತೊಟ್ಟಿಯಲ್ಲಿ ಅಪ್ಪಟ ಕುಂಕುಮ ಬಣ್ಣ ಕುದಿಯುತ್ತಿತ್ತು.

“ಇದ್ಯಾರ್ದಪ್ಪಾ?”

“ನಿಮ್ಮ ಪಕ್ಕದ ಬೀದಿ ಮಗ್ಗದ ನಂದಕುಮಾರ್‌ದು. ನೆನ್ನೆ ಸಂಜೆ ಓಡ್ಬಂದ್ರು. ಆವತೀಲಿ ಯಾರ್ದೋ ಮದ್ವೆಯಂತೆ, ನಲವತ್ತು ಸೀರೆ, ಎಲ್ಲಾ ಒಂದೇ ಕೈಯಲ್ಲಿ ಆಗ್ಬೇಕಂತೆ.”