ಕಿಡ್ನಿಗೆ ಅಂಟಿದ ಕೊಬ್ಬು

ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಹಾಕುವ ಬೈಂಡರ್‌ಗೆ ಸಿಟ್ಟು ನೆತ್ತಿಗೇರಿತ್ತು. ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದರೆ ಎಡಗಡೆಯ ಕಿಡ್ನಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಸಿಕ್ಕಿತ್ತು. ಅದಕ್ಕಿಂತ ಅವನನ್ನು ಕೆರಳಿಸಿದ್ದು ಸರ್ಜನ್ ಆಡಿದ ಮಾತು. ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸಲು ನೋಡುತ್ತೇನೆ, ಆದರೆ ಕಿಡ್ನಿಯ ಸುತ್ತ ಕೊಬ್ಬು ದಪ್ಪಗಿದೆ, ಅಂಟಿಕೊಂಡ ಹಾಗೂ ಕಾಣುತ್ತದೆ. ಹೊತ್ತು ಹಿಡಿಯಬಹುದು, ಇಡೀ ಕಿಡ್ನಿಯನ್ನೇ ತೆಗೆಯಬೇಕಾಗಿ ಬರಲೂಬಹುದು ಎಂದಿದ್ದರು.

ಬೈಂಡರ್ ಕಡ್ಡಿ ಪೈಲ್ವಾನ್. ತನಗೆಲ್ಲಿಯ ಕೊಬ್ಬು ಎಂದು ಮನೆಗೆ ಬಂದವರಿಗೆಲ್ಲ ತೋಳು ತೋರಿಸಿದ. ಈ ಸರ್ಜನ್‌ಗೆ ಕೈ ಪಳಗಿಲ್ಲ, ಅದಕ್ಕೇ ಮೊದಲೇ ಜಾರಿಕೊಳ್ಳುತ್ತಿದ್ದಾರೆ ಎಂದು ತೀರ್ಮಾನಿಸಿ, ಆಪರೇಷನ್ನೇ ಬೇಡವೆಂದು ಹಟ ಹಿಡಿದ. ಗಡ್ಡೆ ಅವನ ಹಟಕ್ಕೆ ಸೊಪ್ಪು ಹಾಕುವಂಥದ್ದಲ್ಲ. ದಿಕ್ಕು ತೋಚದೆ ಹೆಂಡತಿ ತನ್ನ ತಂಗಿಗೆ ಫೋನ್ ಮಾಡಿದಳು.

ತಂಗಿ ಆಪರೇಷನ್ ಥಿಯೇಟರಿನ ನರ್ಸ್. ಡ್ಯೂಟಿ ಮುಗಿಸಿ ನೇರ ಬೈಂಡಿಂಗ್ ಅಂಗಡಿಗೇ ಬಂದಳು. ಭಾವ ಯಾವುದೋ ದಪ್ಪ ಪುಸ್ತಕದ ಹಳೇ ರಟ್ಟು ಬಿಡಿಸುತ್ತಿದ್ದ. ಅಕ್ಕ ಅವನ ಪಕ್ಕದಲ್ಲಿ ಕೂತು ಹಾಳೆ ಹೊಲಿಯುತ್ತಿದ್ದಳು.

“ಕಿಡ್ನಿ ಸುತ್ತ ಕೊಬ್ಬು ಎಲ್ರಿಗೂ ಇರುತ್ತೆ ಭಾವ. ಕೆಲವರಿಗೆ ಜಾಸ್ತಿ. ಮೈ ನೋಡಿ ಹೇಳೋಕಾಗಲ್ಲ, ಸ್ಕ್ಯಾನ್‌ನಲ್ಲೇ ಗೊತ್ತಾಗೋದು.”

“ಇದ್ರೆ ಇರ್ಲಿ. ಗಡ್ಡೆ ತೆಗೆಯೋಕೆ ಅದೇನು ಅಡ್ಡಿ?”

ಅವಳು ಬಿಡಿಸಿ ಹೇಳಿದಳು. ಗಡ್ಡೆ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಕಾಣಬೇಕಾದರೆ ಮೊದಲು ಕೊಬ್ಬನ್ನು ಸರಿಸಬೇಕು. ಸಡಿಲವಾಗಿದ್ದರೆ ಸಲೀಸಾಗಿ ಬರುತ್ತದೆ. ಅಂಟಿಕೊಂಡಿದ್ದರೆ ಕಿಡ್ನಿಯ ತೆಳು ಪೊರೆಯೂ ಜೊತೆಗೆ ಕಿತ್ತು ಬಂದು ರಕ್ತ ಸೋರಬಹುದು. ಅದಕ್ಕೇ ನಿಧಾನ.

ಹಾಗಾದರೆ ಒಂದಷ್ಟು ದಿನ ಉಪವಾಸ ಬಿದ್ದು ಕೊಬ್ಬು ಕರಗಿಸಿಕೊಳ್ಳುತ್ತೇನೆ ಎಂದ ಬೈಂಡರ್. ಹಸಿದರೆ ಅಂಟಿದ್ದು ಬಿಟ್ಟುಕೊಳ್ಳುವುದಿಲ್ಲ, ನಿತ್ರಾಣವಾಗುತ್ತೀರಿ ಅಷ್ಟೇ. ತೂಕ ಇಳಿಸಬೇಕೇ ಬೇಡವೇ ಎಂದು ಡಾಕ್ಟರನ್ನೇ ಕೇಳಿ ಎಂದಳು ನಾದಿನಿ.

ಹೆಂಡತಿ ಸೂಜಿ ಕೆಳಗಿಟ್ಟಳು.

“ಗಿರಾಕಿ ಬಂದ್ರೆ ನೀವೇನಂತೀರಿ? ‘ಬಿಚ್ಚಿ ನೋಡದೆ ಎಷ್ಟು ದಿನ ಹಿಡಿಯುತ್ತೆ ಅಂತ ಹೇಳಲ್ಲ, ಹಾಳೆ ಹರಿದ್ರೂ ಹರೀಬಹುದು’ ಅಂತೀರಿ. ಡಾಕ್ಟರೂ ಅದನ್ನೇ ಅಂದ್ರು. ನೀವು ಹೇಳಿದ್ರೆ ಪ್ರಾಮಾಣಿಕತೆ, ಅವರು ಹೇಳಿದ್ರೆ ಕೈ ಪಳಗಿಲ್ವಾ?”

ಬೈಂಡರ್ ರಟ್ಟನ್ನು ಪಕ್ಕಕ್ಕೆ ಸರಿಸಿದ.

“ಭಯ ಆಗ್ತಿದೆ ಕಣೇ,” ಎಂದ.

ಮರುದಿನ ಮೂವರೂ ಹೋಗಿ ಸರ್ಜನ್‌ರನ್ನು ಕಂಡರು. ಅವರು ಸ್ಕ್ಯಾನ್ ತೋರಿಸಿದರು, ರಕ್ತ ಸಿದ್ಧವಾಗಿರುತ್ತದೆ ಎಂದರು, ಬೈಂಡರ್‌ನ ಬಿ.ಪಿ. ಹತೋಟಿಗೆ ತರಲು ಮಾತ್ರೆ ಬರೆದರು. ಆಪರೇಷನ್ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹೆಂಡತಿ ಜೀವ ಕೈಯಲ್ಲಿ ಹಿಡಿದೇ ಕೂತಿದ್ದಳು, ಆದರೆ ತಡವೇಕೆಂದು ಅವಳಿಗೆ ಗೊತ್ತಿತ್ತು. ಗಡ್ಡೆ ಹೋಯಿತು, ಕಿಡ್ನಿಯ ಬಹುಭಾಗ ಉಳಿಯಿತು.

ಎಲ್ಲರಿಗೂ ಹೀಗೇ ಆಗುತ್ತದೆಂದು ಯಾರೂ ಭರವಸೆ ಕೊಡಲಾರರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಿಡ್ನಿ ಗಡ್ಡೆಯ ಆಪರೇಷನ್ ಆಗಬೇಕಿದ್ದರೆ ಮೊದಲೇ ಕೇಳಿ: ಸುತ್ತ ಕೊಬ್ಬು ಹೇಗಿದೆ? ಅದರಿಂದ ಏನು ಬದಲಾಗಬಹುದು? ಕಿಡ್ನಿ ಉಳಿಸಲಾಗದಿದ್ದರೆ ಮುಂದೇನು? ಕಷ್ಟವನ್ನು ಮುಂಚೆಯೇ ಹೇಳುವ ವೈದ್ಯರಿಂದ ಓಡಿಹೋಗಬೇಡಿ. ಹೆದರಿಕೆಯಾದರೆ ಹೆದರಿಕೆ ಎಂದೇ ಹೇಳಿ; ಅದಕ್ಕೆ ಬೇರೆ ಹೆಸರಿಟ್ಟು ಆಪರೇಷನ್ ಮುಂದೂಡಬೇಡಿ.